ಮನೆಯಲ್ಲಿಯೇ ಮಾಡಿದ ತೂಗುಕುರ್ಚಿ

ಹಸುಗೂಸಿಗೂ ಬಳಲಿದ ವೃದ್ಧರಿಗೂ ಸಮಾನವಾಗಿ ಸುಖವನ್ನೀಯುವ ವಸ್ತುಗಳು ಲೋಕದಲ್ಲಿ ಬಹಳವಿಲ್ಲ; ತೂಗಾಟವು ಅಂಥವುಗಳಲ್ಲೊಂದು. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಳೆಯ ಮನೆಗಳ ಜಗುಲಿಯಲ್ಲಿ ತೊಲೆಗೆ ಸರಪಳಿಯಿಂದ ತೂಗಬಿಟ್ಟ ಉಯ್ಯಾಲೆಮಣೆಯನ್ನು ವಾಚಕರು ಕಂಡೇ ಇರುವರು. ಇದು ನಿನ್ನೆ ಮೊನ್ನೆಯ ವಿಲಾಸವಲ್ಲ. ಅಮರಸಿಂಹನು ತನ್ನ ಕೋಶದಲ್ಲಿ ದೋಲಾ, ಪ್ರೇಂಖಾ ಎಂಬ ಶಬ್ದಗಳನ್ನು ಜೊತೆಯಾಗಿಯೇ ಹೇಳಿರುವನು. ಮಹಾವ್ರತವೆಂಬ ವೈದಿಕ ಕರ್ಮದಲ್ಲಂತೂ ಹೋತೃವು ಔದುಂಬರ ಕಾಷ್ಠದ ಪ್ರೇಂಖದ ಮೇಲೆ ಕುಳಿತು ಮಂತ್ರ ಪಠಿಸುತ್ತಿದ್ದನೆಂದು ಐತರೇಯ ಆರಣ್ಯಕದಿಂದ ತಿಳಿಯುವದು.

ನನ್ನ ತಾಯಿಯವರಿಗೆ ಈಗ ೮೪ ವರ್ಷ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಅರ್ಧ ತಾಸು ಉಯ್ಯಾಲೆಯ ಮೇಲೆ ಕುಳಿತು ದೇವರ ದೀಪಕ್ಕೆ ಬತ್ತಿ ಹೊಸೆಯುವದು ಅವರ ನಿಯಮವಾಗಿದ್ದಿತು. ನಾಲ್ಕು ವರ್ಷಗಳ ಹಿಂದೆ ಮಂಡಿಗಳಲ್ಲಿ ವಾತವು ನೆಲೆಸಿತು. ಉಯ್ಯಾಲೆಮಣೆಯಾದರೋ ಕೂಡ್ರಹೋದಾಗ ಹಿಂದಕ್ಕೆ ಸರಿಯುವದು, ಏಳಹೋದಾಗ ಮುಂದಕ್ಕೆ ನೂಕುವದು. ಒಂದು ದಿನ ಅವರು ಸರಪಳಿಯನ್ನು ಹಿಡಿದಿದ್ದಂತೆಯೇ ಜಾರಿ ನೆಲಕ್ಕೆ ಬಿದ್ದರು. ದೈವಕೃಪೆಯಿಂದ ಎಲುಬು ಮುರಿಯಲಿಲ್ಲ. ಆದರೆ ಧೈರ್ಯವು ಉಡುಗಿಹೋಯಿತು. ಅಂದಿನಿಂದ ಅವರು ಜಗುಲಿಗೆ ಬರುವದೇ ಅಪರೂಪವಾಯಿತು. ಜಗುಲಿಗೆ ಬಾರದ ಹಿರಿಯರು ಕ್ರಮೇಣ ಮನೆಯ ಮಾತುಕತೆಗೂ ಹೊರಗಾಗುವರೆಂಬದನ್ನು ನಾನು ಕಣ್ಣಾರೆ ಕಂಡೆನು.

ತೂಗಬೇಕು, ಆದರೆ ನೆಲವನ್ನು ಬಿಡಬಾರದು. ಹಿಡಿಯಲು ಕೈಗಳಿರಬೇಕು, ಒರಗಲು ಬೆನ್ನಿರಬೇಕು. ಇಂಥ ಆಸನವೆಂದರೆ ತೂಗುಕುರ್ಚಿಯೇ. ಕಾಲುಗಳ ಕೆಳಗೆ ಬಿಲ್ಲಿನಂತೆ ಬಾಗಿದ ಎರಡು ಮರಗಳನ್ನು ಜೋಡಿಸಿದ ಈ ಕುರ್ಚಿಯು ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡ, ಅಮೇರಿಕಗಳಲ್ಲಿ ಬಳಕೆಗೆ ಬಂದಿತು. ೧೮೬೦ರಲ್ಲಿ ವಿಯೆನ್ನಾದ ಮಿಖಾಯೆಲ್ ಥೋನೆಟ್ ಎಂಬ ಕುಶಲನು ಮರವನ್ನು ಉಗಿಯಲ್ಲಿ ಬೇಯಿಸಿ ಬಾಗಿಸಿ ಇಂಥ ಕುರ್ಚಿಗಳನ್ನು ಮಾಡಿ ಪ್ರಸಿದ್ಧನಾದನು. ಅಮೇರಿಕದ ಅಧ್ಯಕ್ಷನಾದ ಕೆನೆಡಿಯು ಬೆನ್ನುನೋವಿನ ಉಪಶಮನಕ್ಕಾಗಿ ತನ್ನ ವೈದ್ಯೆಯ ಸಲಹೆಯಂತೆ ತೂಗುಕುರ್ಚಿಯನ್ನು ಉಪಯೋಗಿಸುತ್ತಿದ್ದನು.

ಮರ ಯಾವದು? ಯಲ್ಲಾಪುರದಲ್ಲಿರುವ ಭಾವನವರು ಡಿಪೋದ ಲಿಲಾವಿನಲ್ಲಿ ಸಾಗವಾನಿಯನ್ನು ಕೊಳ್ಳೆಂದರು. ಸೊಪ್ಪಿನ ಬೆಟ್ಟದಲ್ಲಿ ಬೇಕಾದಷ್ಟು ಮರಗಳಿವೆ. ಆದರೆ ಅಲ್ಲಿ ನಮಗಿರುವದು ತೋಟಕ್ಕೆ ಸೊಪ್ಪು ತರುವ ಸವಲತ್ತೇ ಹೊರತು ನಾಟಾ ಕಡಿಯುವ ಹಕ್ಕಲ್ಲ. ಹೀಗಿರಲು ಆಷಾಢದ ಒಂದು ರಾತ್ರಿ ನಮ್ಮ ಹಿತ್ತಿಲಿನ ದೊಡ್ಡ ಹಲಸಿನ ಮರವು ಗಾಳಿಗೆ ಉರುಳಿತು. ಅದು ನನ್ನ ತಂದೆಯವರು ನೆಟ್ಟ ಮರ. ಹಲಸು ಗೆದ್ದಲಿಗೆ ಸುಲಭವಾಗಿ ಸೋಲದು, ಉಳಿಗೆ ಒಗ್ಗುವದು; ವೀಣೆಯ ಕೊಡವನ್ನು ಕೊರೆಯುವದೂ ಇದರಿಂದಲೇ. ಹೊರಸುತ್ತಿನ ಬಿಳಿಯ ಭಾಗವನ್ನು ತೆಗೆದು ಒಳಗಿನ ಹಳದಿ ಕೆಚ್ಚನ್ನಷ್ಟೇ ಬಳಸಬೇಕು. ಬಿಳಿಯ ಭಾಗಕ್ಕೆ ಹುಳು ಹಿಡಿಯುವದು.

ಆದರೆ ತಾಯಿಯವರು, "ತಮಾ, ಗಾಳಿಗೆ ಬಿದ್ದ ಮರ ಆಸನಕ್ಕೆ ಆಗ್ತಿಲ್ಲೆ" ಎಂದರು. ನಾನು ನಿರುತ್ತರನಾದೆನು. ಏಕೆಂದರೆ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಶಯನಾಸನಗಳ ಲಕ್ಷಣವನ್ನು ಹೇಳುವಾಗ ಸಿಡಿಲು, ನೀರು, ಗಾಳಿ, ಆನೆ ಇವುಗಳಿಂದ ಬಿದ್ದ ಮರಗಳನ್ನು ವರ್ಜಿಸಿರುವನು. ನಮ್ಮೂರಿನ ಆಚಾರಿಯು ನನ್ನ ಸಂಕಟವನ್ನು ಕೇಳಿ ನಗಲಿಲ್ಲ. ಕೊಯ್ದ ಹಲಗೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಬೆರಳ ಗೆಣ್ಣಿನಿಂದ ತಟ್ಟಿ, ಬುಡದ ಕಡೆಯ ಮೂರು ಹಲಗೆಗಳನ್ನು ಬೇರೆಯಿಟ್ಟನು. ಅವುಗಳಲ್ಲಿ ಎಳೆಗೆ ಅಡ್ಡವಾಗಿ ಕೂದಲಿನಂಥ ಬಿರುಕುಗಳಿದ್ದವು. "ಮಾಸ್ತರೆ, ಗಾಳಿ ಮರವನ್ನು ಬಗ್ಗಿಸುವಾಗಲೇ ಒಳಗೆ ಮುರಿದಿರುತ್ತದೆ, ಹೊರಗೆ ಕಾಣುವದಿಲ್ಲ" ಎಂದನು. ಪ್ರಾಚೀನರ ನಿಷೇಧಕ್ಕೆ ಇಂಥ ಅನುಭವವೇ ಮೂಲವಾಗಿರಬಹುದೆಂದು ನನಗೆ ತೋರಿತು. ಬಿರುಕಿಲ್ಲದ ಹಲಗೆಗಳನ್ನು ತೋರಿಸಿದ ಮೇಲೆ ತಾಯಿಯವರೂ ಸಮ್ಮತಿಸಿದರು. ಹಲಗೆಗಳ ನಡುವೆ ಅಡಿಕೆಯ ದಬ್ಬೆಗಳನ್ನಿಟ್ಟು, ಗಾಳಿಯಾಡುವಂತೆ ಅಟ್ಟದ ಮೇಲೆ ಪೂರ್ತಿ ಒಂದು ವರ್ಷ ಒಣಗಿಸಿದೆನು. ನಮ್ಮ ಮಲೆನಾಡಿನ ತೇವದಲ್ಲಿ ಇದಕ್ಕಿಂತ ಅವಸರ ಮಾಡಿದರೆ ಸಂದುಗಳು ಸಡಿಲುವವು.

ಇನ್ನು ನನ್ನ ಅವಿವೇಕದ ಕಥೆ. ಆಚಾರಿಯನ್ನು ಕೇಳದೆ ನಾನೇ ಕುರ್ಚಿಯನ್ನು ಮುಗಿಸುವೆನೆಂಬ ಹಟ ತೊಟ್ಟೆನು. ಬಾಗು ಹೆಚ್ಚಾದಷ್ಟೂ ತೂಗಾಟ ಹೆಚ್ಚೆಂದು ಎಣಿಸಿ, ಎರಡೇ ಅಡಿ ತ್ರಿಜ್ಯದ ವರ್ತುಲದ ಕಂಸದಂತೆ ಅಡಿಮರಗಳನ್ನು ಕತ್ತರಿಸಿದೆನು. ಅವುಗಳನ್ನು ಹಿಂಗಾಲಿನ ಬಳಿಗೇ ನಿಲ್ಲಿಸಿದೆನು. ತಾಯಿಯವರನ್ನು ಜಗುಲಿಗೆ ಕರೆತಂದು ಎದುರಿಗೆ ಕೂಡ್ರಿಸಿ, ಮೊದಲು ನಾನು ಕುಳಿತು ತೋರಿಸಹೋದೆನು. ಒಮ್ಮೆ ಹಿಂದಕ್ಕೆ ಒರಗಿದ್ದೇ ತಡ, ಕುರ್ಚಿಯೊಡನೆ ಮಗುಚಿಬಿದ್ದು ಕಂಬಕ್ಕೆ ತಲೆ ತಾಗಿಸಿಕೊಂಡೆನು. "ತಮಾ, ಯಂಗಿಂತ ಮೊದ್ಲು ನೀನೇ ಬಿದ್ದಿದ್ದು ಒಳ್ಳೇದಾತು" ಎಂದಷ್ಟೇ ಹೇಳಿ ಅವರು ಎದ್ದು ಕೋಣೆಗೆ ಹೋದರು. ನನ್ನ ಬದಲು ಅವರು ಕುಳಿತಿದ್ದರೆ! ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮರುದಿನ ಆಚಾರಿಯು ಬಂದು, ಅಂಗಳದಲ್ಲಿ ಒಂದು ಮೊಳೆಯನ್ನು ಹೊಡೆದು, ಮೂರೂವರೆ ಅಡಿಯ ಹುರಿಯನ್ನು ಕಟ್ಟಿ, ಇದ್ದಿಲಿನಿಂದ ಕಂಸವನ್ನು ಎಳೆದು ತೋರಿಸಿದನು. ಇದರ ತತ್ವವು ಸುಲಭವಾದದ್ದು. ತಂಜಾವೂರಿನ ತಲೆದೂಗುವ ಗೊಂಬೆಯನ್ನು ಎಷ್ಟು ನೂಕಿದರೂ ಅದು ಮತ್ತೆ ಏಳುವದಷ್ಟೆ? ಅದರ ಭಾರದ ಕೇಂದ್ರವು ಬುಡದ ಗೋಲದ ಕೇಂದ್ರಕ್ಕಿಂತ ಕೆಳಗಿರುವದೇ ಕಾರಣ. ಕುರ್ಚಿಯಲ್ಲಿ ಕುಳಿತವರ ಭಾರಕೇಂದ್ರವು ನೆಲದಿಂದ ಸುಮಾರು ಎರಡು ಅಡಿ ಎತ್ತರದಲ್ಲಿರುವದು. ಕಂಸದ ಕೇಂದ್ರವು ಅದಕ್ಕಿಂತ ಸಾಕಷ್ಟು ಮೇಲಿದ್ದರೆ ಕುರ್ಚಿಯು ತಾನಾಗಿ ಹಿಂದಿರುಗುವದು. ಸಮನಾದರೆ ಅಥವಾ ಕೆಳಗಾದರೆ ಮಗುಚುವದು. ಹಾಗೆಂದು ತ್ರಿಜ್ಯವನ್ನು ಐದಾರು ಅಡಿಗೆ ಏರಿಸಿದರೆ ಕುರ್ಚಿಯು ಸರಾಗವಾಗಿ ತೂಗುವದಿಲ್ಲ. ೪೦ರಿಂದ ೪೨ ಅಂಗುಲವೇ ಮಧ್ಯಮ ಮಾರ್ಗ.

ಬಾಗಿನ ಮರವನ್ನು ನೇರ ಹಲಗೆಯಿಂದ ಕತ್ತರಿಸಿದರೆ ತುದಿಗಳಲ್ಲಿ ಎಳೆಯು ತುಂಡಾಗಿ ಬಲ ಕುಂದುವದು. ಆದುದರಿಂದ ನೇಗಿಲಿಗೆ ಮರ ಹುಡುಕುವಂತೆ, ತಾನಾಗಿ ಬಾಗಿ ಬೆಳೆದ ಕೊಂಬೆಯನ್ನು ಆರಿಸಿ, ಅದನ್ನು ಉದ್ದಕ್ಕೆ ಸೀಳಿದರೆ ಒಂದೇ ಬಾಗಿನ ಎರಡು ಮರಗಳು ದೊರೆಯುವವು. ಅದೃಷ್ಟಕ್ಕೆ ನಮ್ಮ ಹಲಸಿನ ಕೊಂಬೆಯೊಂದು ಹಾಗೆಯೇ ಇದ್ದು, ಅದೂ ಅಟ್ಟದಲ್ಲಿ ಒಣಗಿದ್ದಿತು.

ಮಾಡಬಯಸುವವರಿಗಾಗಿ ನಮ್ಮ ಕುರ್ಚಿಯ ಅಳತೆಗಳನ್ನು ಹೇಳುವೆನು. ಪೀಠದ ಅಗಲ ೨೦ ಅಂಗುಲ, ಆಳ ೧೮ ಅಂಗುಲ. ಮುಂದಿನ ಎತ್ತರ ೧೬, ಹಿಂದಿನ ಎತ್ತರ ೧೪ ಅಂಗುಲ. ಬೆನ್ನು ತಲೆ ಒರಗುವಂತೆ ೨೮ ಅಂಗುಲವಿದ್ದು, ೧೮ ಅಂಗುಲಕ್ಕೆ ೫ ಅಂಗುಲದಂತೆ ಹಿಂದಕ್ಕೆ ವಾಲಿರಬೇಕು. ಕೈಗಳು ಪೀಠದಿಂದ ೮ ಅಂಗುಲ ಮೇಲೆ. ಅಡಿಮರದ ಉದ್ದ ೩೮ ಅಂಗುಲ. ಅದರಲ್ಲಿ ೧೦ ಅಂಗುಲವಾದರೂ ಹಿಂಗಾಲಿನಾಚೆ ಚಾಚಿರಲೇಬೇಕು. ಸಂದುಗಳಿಗೆ ಕಬ್ಬಿಣದ ಮೊಳೆ ಬೇಡ; ಒಂದು ಮರದಲ್ಲಿ ಚೌಕದ ತೂತು ಕೊರೆದು, ಇನ್ನೊಂದರ ತುದಿಯನ್ನು ನಾಲಗೆಯಂತೆ ಕೆತ್ತಿ ತೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆಯಬೇಕು. ಪೀಠಕ್ಕೂ ಬೆನ್ನಿಗೂ ಬೆತ್ತದ ಹೆಣಿಗೆ ತಂಪು. ಕಡೆಗೆ ಅಗಸೆ ಎಣ್ಣೆಯನ್ನು ತಿಕ್ಕಿದರೆ ಸಾಕು. ಹಲಸಿನ ಹಳದಿಯು ವರ್ಷಗಳು ಕಳೆದಂತೆ ಚೆಲುವಾದ ಕಂದಾಗುವದು.

ಎರಡು ಎಚ್ಚರಿಕೆಗಳು. ಅಡಿಮರಗಳನ್ನು ಗೂಟ ಹೊಡೆದು ಕಾಯಂ ಮಾಡುವ ಮುನ್ನ ಹಗ್ಗದಿಂದ ಬಿಗಿದು, ಅಕ್ಕಿಯ ಮೂಟೆಯನ್ನು ಪೀಠದ ಮೇಲಿಟ್ಟು ಹಿಂದೆ ಮುಂದೆ ತೂಗಿ ನೋಡಿ. ಅನಂತರ ಕಾಲುಗಳನ್ನು ಸರಿಸಿ ಸಮತೂಕವನ್ನು ಗೊತ್ತುಮಾಡಿರಿ. ವೃದ್ಧರು ಕೂಡ್ರುವಾಗ, ಏಳುವಾಗ ಅಡಿಮರದ ಕೆಳಗೆ ಮುಂದೂ ಹಿಂದೂ ಬೆಣೆಗಳನ್ನು ಇಡಲು ಮರೆಯಬಾರದು.

ಹೊಸ ಕುರ್ಚಿಯು ಸಿದ್ಧವಾಗಿ ಎಂಟು ದಿನಗಳಾದರೂ ತಾಯಿಯವರು ಅದರ ಹತ್ತಿರ ಸುಳಿಯಲಿಲ್ಲ. ನಾನೂ ಒತ್ತಾಯಿಸಲಿಲ್ಲ, ನಿತ್ಯವೂ ಅವರಿಗೆ ಕಾಣುವಂತೆ ಅದರಲ್ಲಿ ಕುಳಿತು ಓದುತ್ತಿದ್ದೆನು. ಒಂಬತ್ತನೆಯ ದಿನ ತೋಟದಿಂದ ಮರಳಿದಾಗ ಜಗುಲಿಯಲ್ಲಿ ಅವರು ಕುಳಿತಿದ್ದರು. ಸೊಸೆಯು ಬೆಣೆಗಳನ್ನು ಇಟ್ಟು ಕೂಡ್ರಿಸಿ ಆಮೇಲೆ ತೆಗೆದಿದ್ದಳಂತೆ. ಮಡಿಲಲ್ಲಿ ಹತ್ತಿಯೂ ಬತ್ತಿಯೂ ಇದ್ದವು. ನನ್ನನ್ನು ಕಂಡು ಕುರ್ಚಿಯ ಕೈಯನ್ನು ಸವರುತ್ತ, "ನಿನ್ನ ಅಪ್ಪಯ್ಯ ನೆಟ್ಟ ಮರ" ಎಂದರು. ಮತ್ತೇನನ್ನೂ ಹೇಳಲಿಲ್ಲ.

ಈಗ ಸಂಜೆಯ ಹೊತ್ತು ಮೊಮ್ಮಕ್ಕಳು ಆ ಕುರ್ಚಿಯ ಸುತ್ತ ನೆರೆಯುವರು. ಜಗುಲಿಯು ತನ್ನ ಹಿರಿಯರನ್ನು ಮರಳಿ ಪಡೆದಿದೆ. ವಾಚಕರ ಮನೆಗಳಲ್ಲಿಯೂ ಕೋಣೆಯನ್ನು ಸೇರಿದ ಹಿರಿಯರಿದ್ದರೆ ಈ ಕೆಲಸಕ್ಕೆ ಕೈಹಾಕಿರಿ. ಆದರೆ ನನ್ನಂತೆ ಹಟಮಾರಿಗಳಾಗದೆ, ಉಳಿಯನ್ನು ಹಿಡಿಯುವ ಮುನ್ನ ಬಲ್ಲ ಆಚಾರಿಯೊಬ್ಬನನ್ನು ಕೇಳಿರಿ.