ವಿಡಿಯೋ ಅಪ್‌ಲೋಡ್: ‘ಫುಲ್’ ಎಂದ ಮಾತ್ರಕ್ಕೆ ಉತ್ತಮವಲ್ಲ

ಕೆಂಕೆರೆ: ಮೇಲೆ ಸುಡುವ ಬಿಸಿಲು, ತೆಂಗಿನ ಗರಿಗಳ ಕೆಳಗೆ ದಟ್ಟ ನೆರಳು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆಂಕೆರೆಯಂತಹ ತೆಂಗಿನ ಸೀಮೆಯಲ್ಲಿ ಮದುವೆ, ಜಾತ್ರೆ, ಕಾಯಿ ಸುಲಿಯುವ ಕೆಲಸವನ್ನು ಚಿತ್ರೀಕರಿಸುವವರಿಗೆ ಇವೆರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯುವುದು ಸವಾಲು. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಇದ್ದ ದೃಶ್ಯದಲ್ಲಿ, ಅಂತರ್ಜಾಲಕ್ಕೆ ಏರಿಸಿದ ಬಳಿಕ ನೆರಳಿನಲ್ಲಿ ಕುಳಿತವರ ಮುಖ ಕಪ್ಪಿನಲ್ಲಿ ಮುಳುಗಿದರೆ ಅಥವಾ ಇಡೀ ಚಿತ್ರ ಬೂದಿ ಬಳಿದಂತೆ ಮಂಕಾದರೆ, ಕ್ಯಾಮೆರಾವನ್ನು ದೂರುವ ಮುನ್ನ ಪರಿಶೀಲಿಸಬೇಕಾದ ಆಯ್ಕೆಯೊಂದಿದೆ. ಅದೇ ‘ಕಲರ್ ರೇಂಜ್’, ಅರ್ಥಾತ್ ವರ್ಣವ್ಯಾಪ್ತಿ.

ಏನಿದು ವರ್ಣವ್ಯಾಪ್ತಿ?

8 ಬಿಟ್ ವಿಡಿಯೋದಲ್ಲಿ ಬೆಳಕಿನ ಮಟ್ಟವನ್ನು 0ಯಿಂದ 255ರವರೆಗಿನ ಅಂಕಿಗಳಲ್ಲಿ ದಾಖಲಿಸಲಾಗುತ್ತದೆ. ‘ಫುಲ್’ ಪದ್ಧತಿಯಲ್ಲಿ 0 ಎಂದರೆ ಕಪ್ಪು, 255 ಎಂದರೆ ಬಿಳುಪು. ‘ಲಿಮಿಟೆಡ್’ ಪದ್ಧತಿಯಲ್ಲಿ 16 ಕಪ್ಪು, 235 ಬಿಳುಪು. ಸಂಕೇತವನ್ನು ಸಂಸ್ಕರಿಸುವಾಗ ಉಂಟಾಗುವ ಏರಿಳಿತಗಳು ಕತ್ತರಿಸಿ ಹೋಗದಿರಲೆಂದು ಟೆಲಿವಿಷನ್ ತಂತ್ರಜ್ಞರು ಎರಡೂ ತುದಿಗಳಲ್ಲಿ ಅಂಚು ಬಿಟ್ಟಿದ್ದರು. 1982ರ ಬಿಟಿ.601 ಮಾನದಂಡದ ಈ ಕ್ರಮವನ್ನೇ ಎಚ್‌ಡಿ ವಿಡಿಯೋದ ಬಿಟಿ.709 ಮಾನದಂಡವೂ ಅನುಸರಿಸಿತು.

ಎಡವಟ್ಟು ಎಲ್ಲಿ?

ಈ ಎರಡೂ ಪದ್ಧತಿಗಳಲ್ಲಿ ದೋಷವಿಲ್ಲ. ಸೇರಿನಲ್ಲಿ ಅಳೆದದ್ದನ್ನು ಪಾವಿನ ಲೆಕ್ಕದಲ್ಲಿ ಬರೆದುಕೊಂಡರೆ ಆಗುವ ಅನಾಹುತವೇ ಇಲ್ಲಿಯೂ ಆಗುತ್ತದೆ. ‘ಫುಲ್’ ಕಡತವನ್ನು ‘ಲಿಮಿಟೆಡ್’ ಎಂದು ಓದಿದರೆ 16ಕ್ಕಿಂತ ಕೆಳಗಿನ ಛಾಯೆಗಳೆಲ್ಲ ಒಂದೇ ಕಪ್ಪಾಗುತ್ತವೆ; 235ಕ್ಕಿಂತ ಮೇಲಿನವು ಒಂದೇ ಬಿಳುಪಾಗುತ್ತವೆ. ‘ಲಿಮಿಟೆಡ್’ ಕಡತವನ್ನು ‘ಫುಲ್’ ಎಂದು ಓದಿದರೆ ಕಪ್ಪು ಬೂದುಬಣ್ಣಕ್ಕೆ ತಿರುಗಿ ಚಿತ್ರ ಕಳೆಗುಂದುತ್ತದೆ. ಕಡತದಲ್ಲಿ ಪದ್ಧತಿಯ ಗುರುತೇ ಇಲ್ಲದಿದ್ದಾಗ ಬಹುತೇಕ ತಂತ್ರಾಂಶಗಳು ಅದನ್ನು ‘ಲಿಮಿಟೆಡ್’ ಎಂದೇ ಭಾವಿಸುತ್ತವೆ.

ಆಯ್ಕೆ ಹೇಗೆ?

ಎಚ್‌ಡಿಆರ್ ಅಲ್ಲದ ಸಾಮಾನ್ಯ ವಿಡಿಯೋಗಳಿಗೆ ಯೂಟ್ಯೂಬ್ ಬಿಟಿ.709 ಅನ್ನು ಶಿಫಾರಸು ಮಾಡುತ್ತದೆ. ಇದರೊಂದಿಗೆ ‘ಲಿಮಿಟೆಡ್’ ಆಯ್ದುಕೊಳ್ಳುವುದು ಸುರಕ್ಷಿತ. ಡಾವಿಂಚಿ ರಿಸಾಲ್ವ್ ಬಳಸುವವರು ‘ಡೇಟಾ ಲೆವೆಲ್ಸ್’ನಲ್ಲಿ ‘ಆಟೋ’ ಅಥವಾ ‘ವಿಡಿಯೋ’ ಎಂದಿಡಬೇಕು. ಒಬಿಎಸ್‌ನಲ್ಲಿ ‘ಲಿಮಿಟೆಡ್’ ಎಂದಿರಬೇಕು. ಕೆಲವು ಮೊಬೈಲ್ ಫೋನುಗಳು ‘ಫುಲ್’ ಪದ್ಧತಿಯಲ್ಲಿ ಚಿತ್ರೀಕರಿಸುವುದರಿಂದ ಮೂಲ ಕಡತವನ್ನೂ ಪರಿಶೀಲಿಸುವುದು ಒಳಿತು. ಕಡತದಲ್ಲಿ ಗುರುತು ದಾಖಲಾಗಿದ್ದರೆ ‘ಮೀಡಿಯಾಇನ್ಫೋ’ ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ.

ಮೂಲ ಪ್ರತಿ ಅಳಿಸಬೇಡಿ

ನೆರಳೂ ಬಿಳಿಯ ಪಂಚೆಯೂ ಇರುವ ಹತ್ತು ಸೆಕೆಂಡಿನ ತುಣುಕನ್ನು ಮೊದಲು ಖಾಸಗಿಯಾಗಿ ಏರಿಸಿ, ಫೋನಿನಲ್ಲೂ ಕಂಪ್ಯೂಟರಿನಲ್ಲೂ ಹೋಲಿಸಿ ನೋಡಬೇಕು. ಮಂಕಾದ ಚಿತ್ರವನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಆದರೆ ಕತ್ತರಿಸಿಹೋದ ಛಾಯೆಗಳು ಆ ಪ್ರತಿಯಲ್ಲಿ ಮರಳಿ ಸಿಗಲಾರವು. ಅಪ್‌ಲೋಡ್ ಆಯಿತೆಂದು ಮೆಮೊರಿ ಕಾರ್ಡನ್ನು ಅಳಿಸಿಬಿಟ್ಟರೆ, ನೆರಳಿನಲ್ಲಿ ಕುಳಿತಿದ್ದ ಅಜ್ಜಿಯ ಮುಖ ಮತ್ತೆ ಕಾಣುವ ದಾರಿಯೇ ಇರುವುದಿಲ್ಲ.