ದುರ್ಗದ ಬಂಡೆಗೆ ‘ರೀಟೇಕ್’ ಗೊತ್ತಿಲ್ಲ!

“ನಾನೇ ರಾಮಾಚಾರಿ! ತೆಗಿ ಗುರು ಫೋಟೋ!”

ಬಂಡೆಯ ತುದಿಯಲ್ಲಿ ಎದೆ ಸೆಟೆಸಿ ನಿಂತು ನಮ್ಮ ಗೆಳೆಯ ಕೂಗಿದ. ಕೈಯಲ್ಲಿ ಕಡಗ, ಹಣೆಗೆ ಬಿದ್ದ ಕ್ರಾಪು, ಕಣ್ಣಲ್ಲಿ ಕಿಡಿ. ಅವನ ಹಿಮ್ಮಡಿಯಿಂದ ಎರಡು ಗೇಣು ಹಿಂದೆ... ಏನೂ ಇಲ್ಲ! ಬರೀ ಗಾಳಿ. ಎಲ್ಲೋ ಪಾತಾಳದಲ್ಲಿ, ಬೆಂಕಿಪೊಟ್ಟಣ ಜೋಡಿಸಿಟ್ಟ ಹಾಗೆ ಚಿತ್ರದುರ್ಗದ ಊರು.

ಫೋಟೋ ಚೆನ್ನಾಗಿಯೇ ಬಂತು. ಆದರೆ ಹತ್ತೇ ನಿಮಿಷಕ್ಕೆ ಇದೇ ‘ರಾಮಾಚಾರಿ’ ಬಂಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು “ಅಯ್ಯೋ ಅಮ್ಮಾ” ಅಂದ ಕಥೆ ಆ ಫೋಟೋದಲ್ಲಿಲ್ಲ. ಅದನ್ನು ಹೇಳೋಕೇ ಈ ಲೇಖನ.

ರಾತ್ರಿ ಬಸ್ಸಿನ ಐದು ಹುಲಿಗಳು

ನಾವು ಐದು ಜನ. ಐವರಿಗೂ ‘ನಾಗರಹಾವು’ ಹುಚ್ಚು. ಚಿತ್ರ ಬಂದದ್ದು 1972ರಲ್ಲಿ, ನಾವು ಹುಟ್ಟೋಕೂ ಮುಂಚೆ. 2018ರಲ್ಲಿ ಹೊಸ ರೂಪದಲ್ಲಿ ಮತ್ತೆ ತೆರೆಗೆ ಬಂದಾಗ ಥಿಯೇಟರಿನಲ್ಲಿ ನೋಡಿ ಶಿಳ್ಳೆ ಹೊಡೆದವರು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲ್ ತೆಗೆದ ಆ ಚಿತ್ರದಲ್ಲಿ ವಿಷ್ಣುವರ್ಧನ್ ರಾಮಾಚಾರಿ, ಅಶ್ವತ್ಥ್ ಚಾಮಯ್ಯ ಮೇಷ್ಟ್ರು, ಅಂಬರೀಶ್ ಜಲೀಲ. ಇನ್ನೊಂದು ಪಾತ್ರವೂ ಇದೆ ಸ್ವಾಮಿ, ಅದರ ಹೆಸರು ಟೈಟಲ್ ಕಾರ್ಡಿನಲ್ಲಿಲ್ಲ. ಅದು ದುರ್ಗದ ಬೆಟ್ಟ!

ಆ ‘ನಟ’ನನ್ನು ಕಣ್ಣಾರೆ ನೋಡೋಣ ಅಂತ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದೆವು. ಇನ್ನೂರು ಕಿಲೋಮೀಟರ್ ದಾರಿ. ಬೆಳಗಾಗುವಷ್ಟರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ, ಆಮೇಲೆ ಸೀದಾ ಕೋಟೆ.

ಕಲ್ಲು ಬರೆದ ಚಿತ್ರಕಥೆ

ಏಳು ಸುತ್ತಿನ ಕೋಟೆ ಅಂತ ಸುಮ್ಮನೆ ಹೇಳಿಲ್ಲ. ಬಾಗಿಲು ದಾಟಿ ನೇರ ಹೋಗೋಣ ಅಂದರೆ ಎದುರಿಗೆ ಗೋಡೆ. ತಿರುಗಿದರೆ ಮತ್ತೊಂದು ಗೋಡೆ. ದಾರಿ ಹಾವಿನ ಹಾಗೆ ಹೊರಳುತ್ತದೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಬೇಕಾದರೆ ನೇರ ಜಾಗ ಬೇಕು. ಆ ಜಾಗವನ್ನೇ ಪಾಳೆಯಗಾರರು ಕೊಟ್ಟಿಲ್ಲ. ನಮ್ಮ ವಿಲನ್‌ಗಳಿಗೂ ಇಷ್ಟು ತಲೆ ಇರೋದಿಲ್ಲ!

ಒಳಗೆ ಮದ್ದು ಅರೆಯುತ್ತಿದ್ದ ದೊಡ್ಡ ಬೀಸುಕಲ್ಲುಗಳು, ಎಣ್ಣೆ ತುಂಬಿಡುತ್ತಿದ್ದ ಕೊಳ, ಮಳೆಗೆ ಕರಗುತ್ತಿರುವ ಅರಮನೆಯ ಮಣ್ಣಿನ ಗೋಡೆಗಳು. ಬೆಟ್ಟದ ಮೇಲೆ ಬಿದ್ದ ಮಳೆನೀರು ಗೋಪಾಲಸ್ವಾಮಿ ಹೊಂಡಕ್ಕೆ ಬಂದು, ಅದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ ಇಳಿಯುವ ಹಾಗೆ ಮಾಡಿದ್ದಾರೆ. ಮುತ್ತಿಗೆ ಹಾಕಿದ ಶತ್ರು ಕೆಳಗೆ ಕಾಯುತ್ತಿದ್ದರೂ ಮೇಲಿನವರಿಗೆ ನೀರಿನ ಚಿಂತೆ ಇಲ್ಲ. ಕೊನೆಯ ಮದಕರಿ ನಾಯಕನಿಂದ ಹೈದರಾಲಿ ಈ ಕೋಟೆ ಗೆದ್ದದ್ದು 1779ರಲ್ಲಿ. ಅಷ್ಟು ಸುಲಭಕ್ಕೆ ಬಗ್ಗಿದ ಕೋಟೆಯಲ್ಲ ಇದು.

ಓಬವ್ವನ ಕಿಂಡಿಯ ಹತ್ತಿರ ನಿಂತಾಗ ಮಾತ್ರ ಐವರೂ ಗಪ್‌ಚಿಪ್. ತೆರೆಯ ಮೇಲೆ ಜಯಂತಿ ಒನಕೆ ಎತ್ತಿದಾಗ ಶಿಳ್ಳೆ ಹೊಡೆದವರು ನಾವು. ಇಲ್ಲಿ ಆ ಸಂದಿಯಲ್ಲಿ ನಮ್ಮ ಭುಜವೇ ಸಿಕ್ಕಿಕೊಳ್ಳುತ್ತದೆ. ಒಬ್ಬೊಬ್ಬರಾಗಿ, ತಲೆ ತಗ್ಗಿಸಿಯೇ ನುಸುಳಬೇಕು. ಕಾವಲುಗಾರನ ಹೆಂಡತಿಯೊಬ್ಬಳು ಹೈದರನ ಸೈನಿಕರನ್ನು ಒಂದು ಒನಕೆಯಿಂದ ಹೇಗೆ ತಡೆದಳು ಅಂತ ಕೇಳುವವರು ಇಲ್ಲಿಗೆ ಬಂದು ಒಂದು ಸಲ ಬಗ್ಗಿ ನೋಡಲಿ.

ಹತ್ತಿದ್ದೇ ಸುಳ್ಳು, ಇಳಿಯೋದೇ ನಿಜ

ಮಧ್ಯಾಹ್ನ ತುಪ್ಪದ ಕೊಳದ ಬತೇರಿ. ಕಡಿದಾದ ಬೋಳು ಬಂಡೆ. ಮೆಟ್ಟಿಲು ಅಂದರೆ ಬಂಡೆಯಲ್ಲಿ ಕೊರೆದ ಸಣ್ಣ ಸಣ್ಣ ಗುಳಿ, ಪಾದದ ಮುಂಭಾಗ ಇಡುವಷ್ಟು ಜಾಗ. ನಮ್ಮಲ್ಲಿ ದಪ್ಪಗಿದ್ದವನೊಬ್ಬ ಬೆಳಗಿನಿಂದ ಹಿಂದೆ ಬೀಳುತ್ತಿದ್ದ. “ಬಾರೋ ಗೂಡ್ಸ್ ಗಾಡಿ” ಅಂತ ರೇಗಿಸಿ ರೇಗಿಸಿ ಅವನ ಮುಖ ಸಪ್ಪಗಾಗಿತ್ತು. “ನಾನ್ ಹತ್ತಲ್ಲಪ್ಪ, ನೀವು ಹೋಗಿ” ಅಂತ ನೀರಿನ ಬಾಟಲಿ ಹಿಡಿದು ಕೆಳಗೇ ಕೂತ.

ರಾಮಾಚಾರಿ ನಯವಾದ ಅಟ್ಟೆಯ ಶೂಗಳಲ್ಲೇ ದಡದಡ ಹತ್ತಿದ. ತುದಿಯಲ್ಲಿ ಆ ಫೋಟೋ. ಆಮೇಲೆ ಇಳಿಯಲು ಶುರು ಮಾಡಿದ, ಮುಖ ಊರಿನ ಕಡೆ, ಬೆನ್ನು ಬಂಡೆಗೆ. ನಾಲ್ಕನೇ ಗುಳಿಯಲ್ಲಿ ಶೂ ಜಾರಿತು. ಕೂತೇಬಿಟ್ಟ. ಕಾಲು ಗಡಗಡ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಮೇಲಿದ್ದ ನಾವು ಮೂವರೂ ಏಕಕಾಲಕ್ಕೆ ಕೂಗಿ ಅವನ ಧೈರ್ಯ ಇನ್ನಷ್ಟು ಕೆಡಿಸಿದೆವು.

ಆಗ ಕೆಳಗಿನಿಂದ ಬಂತು ಗೂಡ್ಸ್ ಗಾಡಿಯ ದನಿ. “ಎಲ್ರೂ ಬಾಯ್ಮುಚ್ರೋ! ಮಗಾ, ಶೂ ಬಿಚ್ಚಿ ಬಿಸಾಕು. ಬಂಡೆ ಕಡೆ ತಿರುಗು. ಕೆಳಗೆ ನೋಡ್ಬೇಡ, ನಾನ್ ನೋಡ್ತೀನಿ. ಎಡಗಾಲು ಒಂದು ಗೇಣು ಕೆಳಗೆ... ಹಾಂ, ಸಿಕ್ತು. ಕೈ ಬಿಡ್ಬೇಡ. ಈಗ ಬಲಗಾಲು...”

ಹತ್ತುವಾಗ ಗುಳಿ ಕಣ್ಣ ಮುಂದೆಯೇ ಇರುತ್ತದೆ. ಇಳಿಯುವಾಗ ಅದು ನಮ್ಮ ಕಾಲಿನಡಿ ಅಡಗಿರುತ್ತದೆ. ಕಾಣುವುದು ಕೆಳಗಿದ್ದವನಿಗೆ ಮಾತ್ರ! ಹೀಗೆ ಗೇಣು ಗೇಣಾಗಿ, ಕಾಲು ಗಂಟೆಯಲ್ಲಿ ರಾಮಾಚಾರಿ ನೆಲ ಮುಟ್ಟಿದ. ಮುಟ್ಟಿದವನು ದಪ್ಪಣ್ಣನನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತ. ಆ ಫೋಟೋ ಮಾತ್ರ ನಾನು ತೆಗೆಯಲಿಲ್ಲ.

ಅಭಿಮಾನಿ ಮಿತ್ರರೇ...

ಚಿತ್ರದ ಕೊನೆಯಲ್ಲಿ ಮೇಷ್ಟ್ರು ಬೆಟ್ಟದಿಂದ ಬೀಳುತ್ತಾರೆ. ರಾಮಾಚಾರಿ, ಮಾರ್ಗರೆಟ್ ಜಿಗಿಯುತ್ತಾರೆ. ನಾವು ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ‘ಕಟ್’ ಅಂದಮೇಲೆ ಮೂವರೂ ಮನೆಗೆ ಹೋದರು. ವಿಷ್ಣು ಅಂತೂ 2009ರಲ್ಲಿ ನಮ್ಮನ್ನು ಅಗಲುವ ಮುಂಚೆ ಇನ್ನೂರಕ್ಕೂ ಹೆಚ್ಚು ಚಿತ್ರ ಮಾಡಿದರು. ನಿಮ್ಮ ನಮ್ಮ ಬೆಟ್ಟದಲ್ಲಿ ‘ಕಟ್’ ಅನ್ನೋಕೆ ಪುಟ್ಟಣ್ಣ ಇಲ್ಲ.

ದುರ್ಗಕ್ಕೆ ಹೋಗಿ, ಖಂಡಿತ ಹೋಗಿ. ಬಿಸಿಲೇರುವ ಮುಂಚೆ ಹತ್ತಿ. ನೀರು ಜಾಸ್ತಿ ಒಯ್ಯಿರಿ. ಹಿಡಿತ ಇರುವ ಅಟ್ಟೆ ಇರಲಿ. ಮಳೆ ಬಿದ್ದ ಬಂಡೆ ಮುಟ್ಟಬೇಡಿ. ಗೋಡೆಯ ಮೇಲೆ ಹುಡುಗಿಯ ಹೆಸರು ಕೆತ್ತಬೇಡಿ, ಅವಳಿಗೂ ಮರ್ಯಾದೆ ಅಲ್ಲ, ಕೋಟೆಗೂ ಅಲ್ಲ. ಮತ್ತೆ, ಗುಂಪಿನಲ್ಲಿ ನಿಧಾನಕ್ಕೆ ನಡೆಯುವವನನ್ನು ರೇಗಿಸಬೇಡಿ.

ವಾಪಸ್ ಬಸ್ಸಿನಲ್ಲಿ ಕಿಟಕಿಯ ಸೀಟು ಯಾರಿಗೆ ಅಂತ ಜಗಳವೇ ಆಗಲಿಲ್ಲ. ರಾಮಾಚಾರಿಯೇ ಎದ್ದು ಹೇಳಿದ: “ಬಾರೋ ಜಲೀಲ, ನೀನ್ ಕೂತ್ಕೋ.”

ದಪ್ಪಣ್ಣ ಗುರ್ ಅಂದ. “ಜಲೀಲ ಯಾಕೋ? ಚಾಮಯ್ಯ ಮೇಷ್ಟ್ರು ಅನ್ನು!”