ಮೆಲುಕಿನ ಹೊಟ್ಟೆಯಲ್ಲಿ ಅಜವಾನದ ಕೆಲಸ

ನವಲಗುಂದ, ಅಣ್ಣಿಗೇರಿಗಳ ಎರೆಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಬಣವೆಯಾಗಿ ನಿಲ್ಲುವ ಜೋಳದ ಕಣಿಕೆಯನ್ನು ನಾವೆಲ್ಲರೂ ಕಂಡಿದ್ದೇವೆ. ನಮ್ಮ ಜಠರಕ್ಕೆ ಅದು ಜೀರ್ಣವಾಗದ ವಸ್ತು. ಎತ್ತು ಎಮ್ಮೆಗಳಾದರೋ ಅದನ್ನೇ ತಿಂದು ಹೊಲ ಉಳುತ್ತವೆ, ಹಾಲು ಕೊಡುತ್ತವೆ. ಈ ಸಾಮರ್ಥ್ಯ ಅವುಗಳಿಗೆ ಎಲ್ಲಿಂದ ಬಂದಿತು?

ಮೆಲುಕು ಹಾಕುವ ದನದ ಜಠರದಲ್ಲಿ ನಾಲ್ಕು ಭಾಗಗಳುಂಟು. ಮೊದಲನೆಯದಾದ ರೂಮೆನ್ ಎಲ್ಲಕ್ಕಿಂತ ದೊಡ್ಡದು. ದೊಡ್ಡ ಹಸುವಿನಲ್ಲಿ ಅದು 100 ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಅದರಲ್ಲಿ ಬ್ಯಾಕ್ಟೀರಿಯ, ಏಕಕೋಶಜೀವಿ, ಶಿಲೀಂಧ್ರಗಳು ಕೋಟಿಗಟ್ಟಲೆ ವಾಸಿಸುತ್ತವೆ. ಕಣಿಕೆಯ ನಾರನ್ನು ಒಡೆಯುವವು ಇವೇ. ನಾರು ಹುಳಿತು ಅಸಿಟಿಕ್, ಪ್ರೋಪಿಯಾನಿಕ್, ಬ್ಯುಟಿರಿಕ್ ಆಮ್ಲಗಳಾಗುತ್ತದೆ. ದನಕ್ಕೆ ಶಕ್ತಿ ಮುಖ್ಯವಾಗಿ ಈ ಆಮ್ಲಗಳಿಂದಲೇ ದೊರೆಯುತ್ತದೆ.

ಹುಳಿಯುವಾಗ ಜಲಜನಕವೂ ಇಂಗಾಲದ ಡೈಆಕ್ಸೈಡೂ ಹುಟ್ಟುತ್ತವೆ. ಆರ್ಕಿಯ ಎಂಬ ಪಂಗಡದ ಜೀವಿಗಳು ಇವೆರಡನ್ನೂ ಕೂಡಿಸಿ ಮೀಥೇನ್ ಅನಿಲವನ್ನು ತಯಾರಿಸುತ್ತವೆ. ದನ ಅದನ್ನು ತೇಗಿ ಹೊರಹಾಕುತ್ತದೆ. ಮೇವಿನ ಒಟ್ಟು ಶಕ್ತಿಯಲ್ಲಿ ಶೇಕಡ 2ರಿಂದ 12ರಷ್ಟು ಹೀಗೆ ಗಾಳಿಪಾಲಾಗುತ್ತದೆ. ಮಳೆ ಕೈಕೊಟ್ಟ ವರ್ಷದಲ್ಲಿ ಕಣಿಕೆಯ ಒಂದೊಂದು ಸಿವುಡನ್ನೂ ಎಣಿಸುವ ರೈತನಿಗೆ ಇದು ಅಲ್ಪ ನಷ್ಟವಲ್ಲ. ವಾತಾವರಣವನ್ನು ಕಾಯಿಸುವ ಅನಿಲಗಳಲ್ಲಿಯೂ ಮೀಥೇನ್ ಪ್ರಬಲವಾದುದು.

ದನಕ್ಕೆ ಹೊಟ್ಟೆಯುಬ್ಬರ ಬಂದಾಗ ಹಳ್ಳಿಯ ಹಿರಿಯರು ಅಜವಾನ, ಬೆಳ್ಳುಳ್ಳಿ, ಶುಂಠಿಗಳನ್ನು ಅರೆದು ಕುಡಿಸುವುದುಂಟು. ವಿಜ್ಞಾನಿಗಳ ದೃಷ್ಟಿ ಇಂಥ ಪದಾರ್ಥಗಳ ಕಡೆಗೇ ಹರಿಯಿತು. ಅಜವಾನದ ಘಾಟು ಅದರ ತೈಲದಲ್ಲಿರುವ ಥೈಮಾಲಿನದು. ಲವಂಗದ ಘಾಟು ಯುಜಿನಾಲಿನದು. ಥೈಮಾಲ್ ಜಿಡ್ಡಿನಲ್ಲಿ ಕರಗುವ ವಸ್ತು. ಬ್ಯಾಕ್ಟೀರಿಯದ ಕೋಶಪೊರೆಯೂ ಬಹುಮಟ್ಟಿಗೆ ಜಿಡ್ಡಿನದೇ. ಆದುದರಿಂದ ಥೈಮಾಲ್ ಪೊರೆಯನ್ನು ಹೊಕ್ಕು ಸಡಿಲಿಸುತ್ತದೆ. ಒಳಗಿನ ಅಯಾನುಗಳು ಸೋರುತ್ತವೆ. ಸೋರಿದುದನ್ನು ಮರಳಿ ತುಂಬಿಕೊಳ್ಳುವುದರಲ್ಲಿಯೇ ಜೀವಿಯ ಶಕ್ತಿ ವ್ಯಯವಾಗಿ ಬೆಳವಣಿಗೆ ಕುಂಠಿತವಾಗುತ್ತದೆ. ದನಗಳ ಬೆಳವಣಿಗೆಗಾಗಿ ಮೇವಿನಲ್ಲಿ ಪ್ರತಿಜೀವಕಗಳನ್ನು ಬೆರೆಸುವುದನ್ನು ಯೂರೋಪಿನ ಒಕ್ಕೂಟ 2006ರಲ್ಲಿ ನಿಷೇಧಿಸಿದ ಮೇಲೆ ಈ ತೈಲಗಳ ಶೋಧನೆಗೆ ಇನ್ನಷ್ಟು ಇಂಬು ದೊರೆಯಿತು.

ಹಾಗಾದರೆ ದಿನವೂ ಬೊಗಸೆ ಅಜವಾನ ತಿನ್ನಿಸಿದರಾಯಿತೆ? ಇಲ್ಲಿಯೇ ಎಚ್ಚರ ಬೇಕು. ತೈಲಕ್ಕೆ ಮಿತ್ರರೂ ಶತ್ರುಗಳೂ ಬೇರೆ ಬೇರೆಯಾಗಿ ತೋರುವುದಿಲ್ಲ. ಪ್ರಮಾಣ ಮೀರಿದರೆ ನಾರನ್ನು ಒಡೆಯುವ ಜೀವಿಗಳೂ ಸೊರಗಿ, ಕಣಿಕೆ ಜೀರ್ಣವಾಗದೆ ಉಳಿಯುತ್ತದೆ. ಪ್ರಮಾಣ ತೀರ ಕಡಿಮೆಯಾದರೆ ಫಲವಿಲ್ಲ. ದಿನ ಕಳೆದಂತೆ ಜೀವಿಗಳು ತೈಲಕ್ಕೆ ಹೊಂದಿಕೊಳ್ಳುವುದೂ ಉಂಟು. ಗಾಜಿನ ಪಾತ್ರೆಯಲ್ಲಿ ಕಂಡ ಫಲ ಜೀವಂತ ಹಸುವಿನಲ್ಲಿ ಎಷ್ಟೋ ಸಲ ಕಾಣಲಿಲ್ಲ. ಬೆಳ್ಳುಳ್ಳಿ ಹೆಚ್ಚಾದರೆ ಹಾಲಿಗೂ ಅದರ ವಾಸನೆ ಹತ್ತುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇನ್ನೊಂದು ದಾರಿ ಹಿಡಿದಿದೆ. ಟ್ಯಾನಿನ್ ಎಂಬ ಒಗರು ವಸ್ತುವಿರುವ ಸಸ್ಯಗಳಿಂದ ಅದು ‘ಹರಿತ್ ಧಾರಾ’ ಎಂಬ ಪುಡಿಯನ್ನು ಸಿದ್ಧಪಡಿಸಿದೆ. ಇದರಿಂದ ಮೀಥೇನ್ ಶೇಕಡ 17ರಿಂದ 20ರಷ್ಟು ತಗ್ಗುತ್ತದೆಂದು ಸಂಸ್ಥೆ ತಿಳಿಸುತ್ತದೆ.

ಇವೆಲ್ಲಕ್ಕೂ ಮೊದಲು ನೆನಪಿಡಬೇಕಾದ ಮಾತೊಂದಿದೆ. ಕಣಿಕೆಯಲ್ಲಿ ಸಾರಜನಕ ಕಡಿಮೆ; ಅದಿಲ್ಲದೆ ರೂಮೆನ್ನಿನ ಜೀವಿಗಳು ವೃದ್ಧಿಯಾಗವು. ಕುಂದಗೋಳದ ಶೇಂಗಾಹಿಂಡಿಯಾಗಲಿ, ಕಲಘಟಗಿಯ ಹಸಿಮೇವಾಗಲಿ ಜೊತೆಗೂಡಿದಾಗಲೇ ಕಣಿಕೆ ಚೆನ್ನಾಗಿ ಅರಗುತ್ತದೆ. ಆ ಜೀವಿಗಳಿಗೆ ಮೊದಲು ಊಟ, ಆಮೇಲೆ ಮದ್ದು. ದನ ಸಾಕುವವನು ಹಸುವೊಂದನ್ನೇ ಅಲ್ಲ, ಅದರ ಹೊಟ್ಟೆಯೊಳಗಿನ ಒಂದು ಲೋಕವನ್ನೂ ಸಾಕುತ್ತಾನೆ.